ಕಪ್ಪು ದ್ರಾಕ್ಷಿಯ ಕುಲಗೋತ್ರ

ಮಾಗಿಯ ಚಳಿ ಇಳಿದು ಬಿಸಿಲು ಏರತೊಡಗುವ ದಿನಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದ್ರಾಕ್ಷಿಯ ತಳ್ಳುಗಾಡಿಗಳು ಸಾಲುಗಟ್ಟುತ್ತವೆ. ಒಂದು ಬದಿಗೆ ಹಸಿರು ದ್ರಾಕ್ಷಿಯ ರಾಶಿ. ಇನ್ನೊಂದು ಬದಿಗೆ ಮೈಗೆಲ್ಲ ತೆಳುವಾಗಿ ವಿಭೂತಿ ಬಳಿದುಕೊಂಡಂತಿರುವ ಕಪ್ಪು ದ್ರಾಕ್ಷಿಯ ಗೊಂಚಲುಗಳು. ಗಾಡಿಯ ಮುಂದೆ ನಿಂತ ಗೃಹಿಣಿ ಕೇಳುವ ಪ್ರಶ್ನೆಗಳು ಎರಡೇ: "ಸಿಹಿಯಾಗಿದೆಯೇನಪ್ಪ? ಬೀಜ ಇದೆಯೋ, ಇಲ್ಲವೋ?" ಮೂರನೆಯ ಪ್ರಶ್ನೆಯನ್ನು ಕೇಳುವವರಿಲ್ಲ. ಮಾವಿನಹಣ್ಣಾದರೆ ರಸಪುರಿಯೋ ಬಾದಾಮಿಯೋ ಮಲಗೋಬವೋ ಎಂದು ವಿಚಾರಿಸದೆ ಹಣ ಬಿಚ್ಚದ ನಾವು, ದ್ರಾಕ್ಷಿಯ ಹೆಸರನ್ನು ಮಾತ್ರ ಕೇಳುವ ಗೋಜಿಗೇ ಹೋಗುವುದಿಲ್ಲ.

ಆದರೆ ಫ್ರಾನ್ಸ್, ಇಟಲಿ, ಸ್ಪೇನ್, ಚಿಲಿ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ದ್ರಾಕ್ಷಿಯ ಹೆಸರೆಂದರೆ ಬದುಕಿನ ಪ್ರಶ್ನೆ. ಅಲ್ಲಿ ಬೆಳೆಯುವ ಕಪ್ಪು ದ್ರಾಕ್ಷಿಯ ಬಹುಭಾಗ ತಿನ್ನುವುದಕ್ಕಲ್ಲ, ಕೆಂಪು ವೈನ್ ತಯಾರಿಸುವುದಕ್ಕೆ. ನೆಟ್ಟ ಬಳ್ಳಿ ಸಾಧಾರಣವಾಗಿ ಮೂರನೆಯ ವರ್ಷಕ್ಕೆ ಫಸಲಿಗೆ ಬಂದು, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಿಲ್ಲುತ್ತದೆ. ತಂದೆ ನೆಟ್ಟದ್ದನ್ನು ಮಗ ಕೊಯ್ಯುತ್ತಾನೆ. ತಳಿ ನೆಲಕ್ಕೆ ಹೊಂದದಿದ್ದರೆ, ಅಥವಾ ಒಂದು ತಳಿಯೆಂದು ನಂಬಿ ಇನ್ನೊಂದನ್ನು ನೆಟ್ಟರೆ, ಒಂದು ತಲೆಮಾರಿನ ದುಡಿಮೆಯೇ ದಾರಿ ತಪ್ಪಿತೆಂದು ತಿಳಿಯಬೇಕು. ನಮ್ಮ ಹಿರಿಯರು ಮದುವೆಯ ಮಾತಿಗೆ ಮುಂಚೆ ಗೋತ್ರ ಪ್ರವರಗಳನ್ನು ವಿಚಾರಿಸುತ್ತಿದ್ದಷ್ಟೇ ಎಚ್ಚರಿಕೆಯಿಂದ ಅಲ್ಲಿನ ರೈತ ಬಳ್ಳಿಯ ವಂಶವನ್ನು ವಿಚಾರಿಸುತ್ತಾನೆ.

ಈ ಲೇಖನ ಮದ್ಯದ ಹೊಗಳಿಕೆಗೆ ಹೊರಟದ್ದೆಂದು ಯಾರೂ ಬಗೆಯಬೇಕಾಗಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಮಿತಿ ಮದ್ಯಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಆದರೆ ದ್ರಾಕ್ಷಿಯ ಕಥೆ ಕುಡಿಯದವರಿಗೂ ರುಚಿಸುವಂಥದು. ಅದರಲ್ಲಿ ರಾಜಾಜ್ಞೆಯುಂಟು, ಮಾರುವೇಷವುಂಟು, ಮಹಾಮಾರಿಯುಂಟು, ಕಳೆದುಹೋದ ತಾಯಿಯನ್ನು ಮಕ್ಕಳು ಮತ್ತೆ ಕಂಡುಕೊಂಡ ಪ್ರಸಂಗವೂ ಉಂಟು.

ಬಣ್ಣವೆಲ್ಲ ಸಿಪ್ಪೆಯದು

ಮಕ್ಕಳಿರುವ ಮನೆಗಳಲ್ಲಿ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಒಂದು ಕಪ್ಪು ದ್ರಾಕ್ಷಿಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಅದುಮಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬೀಳುತ್ತದೆ. ಅದರ ಬಣ್ಣ ಕಪ್ಪೂ ಅಲ್ಲ, ಕೆಂಪೂ ಅಲ್ಲ, ತೆಳು ಹಸಿರು. ಕಪ್ಪು ಬಣ್ಣವೆಲ್ಲ ಸಿಪ್ಪೆಯಲ್ಲಿಯೇ ಉಳಿದಿರುತ್ತದೆ. ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು ಅಲ್ಲಿ ಮನೆಮಾಡಿಕೊಂಡಿವೆ. ತಿರುಳೂ ಕೆಂಪಾಗಿರುವ ಆಲಿಕಾಂಟೆ ಬೂಶೆಯಂಥ ದ್ರಾಕ್ಷಿಗಳು ಇಲ್ಲದಿಲ್ಲ, ಅವು ಅಪವಾದ.

ಆದ್ದರಿಂದ ಕಪ್ಪು ದ್ರಾಕ್ಷಿಯ ರಸವನ್ನು ಹಿಂಡಿ ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿದರೆ ದೊರೆಯುವುದು ಬಿಳಿಯ ವೈನ್. ಫ್ರಾನ್ಸಿನ ಪ್ರಸಿದ್ಧ ಶಾಂಪೇನ್‌ನ ಬಹಳಷ್ಟು ಪಾಲು ಹೀಗೆ ಕಪ್ಪು ದ್ರಾಕ್ಷಿಯಿಂದಲೇ ಆಗುತ್ತದೆ. ಕೆಂಪು ವೈನ್ ಬೇಕಾದರೆ ರಸ, ಸಿಪ್ಪೆ, ಬೀಜಗಳನ್ನು ಒಟ್ಟಿಗೇ ತೊಟ್ಟಿಯಲ್ಲಿ ಹುದುಗಲು ಬಿಡಬೇಕು. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಆಗ ಹೊಮ್ಮುವ ಇಂಗಾಲದ ಡೈ ಆಕ್ಸೈಡ್ ಸಿಪ್ಪೆಗಳನ್ನು ಮೇಲಕ್ಕೆ ತಳ್ಳುತ್ತದೆ. ಕೆಲಸಗಾರರು ದಿನವೂ ಅವನ್ನು ಕೆಳಕ್ಕೆ ಅದುಮುತ್ತಿರುತ್ತಾರೆ. ಈ ದಿನಗಳಲ್ಲಿ ಸಿಪ್ಪೆ ತನ್ನ ಬಣ್ಣವನ್ನು ಬಿಟ್ಟುಕೊಡುವುದರ ಜೊತೆಗೆ ಇನ್ನೊಂದನ್ನೂ ಬಿಟ್ಟುಕೊಡುತ್ತದೆ. ಅದೇ ಟ್ಯಾನಿನ್, ನಮ್ಮ ಮಾತಿನಲ್ಲಿ ಒಗರು. ನೇರಳೆಹಣ್ಣನ್ನು ತಿಂದಾಗ ನಾಲಗೆ ಹಿಡಿದಂತಾಗುವುದೂ, ಎಳೆಯ ಅಡಕೆಯನ್ನು ಜಗಿದಾಗ ಕೆನ್ನೆಯ ಒಳಭಾಗ ಬಿಗಿದುಕೊಳ್ಳುವುದೂ ಇದರ ಪ್ರಭಾವದಿಂದಲೇ. ಕೆಂಪು ವೈನ್ ವರ್ಷಗಟ್ಟಲೆ ಕೆಡದೆ ನಿಲ್ಲುವುದರಲ್ಲಿ ಈ ಒಗರಿನ ಪಾತ್ರ ಹಿರಿದು. ಕಾಲ ಕಳೆದಂತೆ ಅದು ಮೃದುವಾಗುತ್ತ ಹೋಗುತ್ತದೆ.

ಹೀಗಾಗಿ ಒಂದು ಕಪ್ಪು ದ್ರಾಕ್ಷಿಯ ಜಾತಕವನ್ನು ಬರೆಯಬೇಕಾದರೆ ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡಬೇಕು: ಸಿಪ್ಪೆ ಎಷ್ಟು ದಪ್ಪ, ಹಣ್ಣು ಎಷ್ಟು ಚಿಕ್ಕದು, ಮಾಗುವುದು ಎಷ್ಟು ಬೇಗ. ತಿನ್ನುವ ದ್ರಾಕ್ಷಿ ದಪ್ಪನಾಗಿದ್ದಷ್ಟೂ ಮೆಚ್ಚುಗೆ. ವೈನಿನ ದ್ರಾಕ್ಷಿ ಚಿಕ್ಕದಾಗಿದ್ದಷ್ಟೂ ಬೆಲೆ. ಚಿಕ್ಕ ಹಣ್ಣಿನಲ್ಲಿ ರಸದ ಪ್ರಮಾಣಕ್ಕೆ ಸಿಪ್ಪೆಯ ಪಾಲು ಹೆಚ್ಚಷ್ಟೆ!

ಅಣ್ಣನೂ ತಮ್ಮನೂ

ನಮ್ಮ ಆಲಂಕಾರಿಕರು ಕಾವ್ಯದ ಸವಿಯನ್ನು ದ್ರಾಕ್ಷಾಪಾಕ, ಕದಲೀಪಾಕ, ನಾರಿಕೇಳಪಾಕ ಎಂದು ವಿಂಗಡಿಸಿದರು. ಬಾಯಿಗಿಟ್ಟೊಡನೆ ರಸವೊಸರುವುದು ದ್ರಾಕ್ಷಾಪಾಕ. ಸಿಪ್ಪೆ ಸುಲಿದು ಸವಿಯಬೇಕಾದ್ದು ಕದಲೀಪಾಕ. ನಾರು, ಕರಟಗಳನ್ನು ದಾಟಿದವನಿಗೆ ಮಾತ್ರ ದಕ್ಕುವುದು ನಾರಿಕೇಳಪಾಕ. ಆ ಪಂಡಿತರು ಫ್ರಾನ್ಸಿನ ಬೋರ್ಡೋ ಪ್ರಾಂತಕ್ಕೆ ಹೋಗಿದ್ದರೆ ಅಲ್ಲಿನ ಒಂದು ದ್ರಾಕ್ಷಿಯನ್ನು ನಾರಿಕೇಳಪಾಕದ ಪಂಕ್ತಿಗೇ ಸೇರಿಸುತ್ತಿದ್ದರು. ಅದರ ಹೆಸರು ಕ್ಯಾಬರ್ನೆ ಸೋವಿನ್ಯೋನ್.

ವೈನಿನ ದ್ರಾಕ್ಷಿಗಳಲ್ಲಿ ಜಗತ್ತಿನಲ್ಲೆಲ್ಲ ಅತಿ ಹೆಚ್ಚು ನೆಲವನ್ನು ಆವರಿಸಿರುವುದು ಇದೇ. ಅಂತಾರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ 2015ರಲ್ಲಿ ಇದರ ವಿಸ್ತೀರ್ಣ 3,41,000 ಹೆಕ್ಟೇರ್. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಬಣ್ಣ ಕಡುನೀಲಿ, ಬೀಜದ ಪಾಲು ಹೆಚ್ಚು. ಆದ್ದರಿಂದಲೇ ಬಣ್ಣವೂ ಒಗರೂ ಧಾರಾಳ. ನಿಧಾನವಾಗಿ ಮಾಗುವ ಸ್ವಭಾವ. ಬೋರ್ಡೋದ ಮೆಡಾಕ್ ಭಾಗದಲ್ಲಿ ನೆಲದ ತುಂಬ ನೊರಜುಗಲ್ಲು. ಹಗಲು ಕಾದ ಕಲ್ಲು ರಾತ್ರಿಯೂ ಬೆಚ್ಚಗಿದ್ದು ಈ ಸಾವಧಾನಿಯನ್ನು ಮಾಗಿಸುತ್ತದೆ. ಪೂರ್ತಿ ಮಾಗುವ ಮೊದಲೇ ಕಿತ್ತರೆ, ದೊಣ್ಣೆಮೆಣಸಿನಕಾಯಿಯನ್ನು ಹೆಚ್ಚುವಾಗ ಏಳುವಂಥ ಹಸಿ ವಾಸನೆ ವೈನಿನಲ್ಲಿ ಉಳಿದುಬಿಡುತ್ತದೆ. ಇದು ಬರಿಯ ಹೋಲಿಕೆಯಲ್ಲ; ಎರಡರಲ್ಲಿಯೂ ಇರುವುದು ಪಿರಜೀನ್ ವರ್ಗದ ಒಂದೇ ರಾಸಾಯನಿಕ.

ಇದರ ತಮ್ಮನೆನ್ನಬಹುದಾದವನು ಮೆರ್ಲೊ. ಫ್ರೆಂಚ್ ಭಾಷೆಯಲ್ಲಿ ಕರಿಯ ಹಾಡುಹಕ್ಕಿಯೊಂದಕ್ಕೆ ಮೆರ್ಲ್ ಎಂದು ಹೆಸರು. ಆ ಹಕ್ಕಿಯ ಬಣ್ಣದಿಂದಲೋ, ಹಣ್ಣಿಗೆ ಅದು ಮುಗಿಬೀಳುವುದರಿಂದಲೋ ದ್ರಾಕ್ಷಿಗೆ ಈ ಹೆಸರು ಬಂದಿತೆನ್ನುತ್ತಾರೆ. ಅಣ್ಣನಿಗಿಂತ ತಮ್ಮನ ಸಿಪ್ಪೆ ತೆಳು, ಹಣ್ಣು ದಪ್ಪ, ಒಗರು ಕಡಿಮೆ. ವಾರವೊಂದೆರಡು ಮೊದಲೇ ಮಾಗುತ್ತದೆ. ತಂಪಾದ ಜೇಡಿ ನೆಲ ಇದಕ್ಕೆ ಹಿತ; ಪೊಮೆರಾಲ್, ಸೇಂತ್ ಎಮಿಲಿಯೋಂ ಇದರ ತವರು. ಇದನ್ನು ದ್ರಾಕ್ಷಾಪಾಕವೆಂದೇ ಕರೆಯಬಹುದು.

ಬೋರ್ಡೋದ ರೈತ ಎರಡನ್ನೂ ಬೆಳೆದು ಬೆರೆಸುವುದು ರುಚಿಗಾಗಿ ಮಾತ್ರವಲ್ಲ. ಸಮುದ್ರದಿಂದ ಯಾವಾಗ ಮಳೆ ನುಗ್ಗುವುದೋ ಹೇಳಲಾಗದು. ಶರತ್ಕಾಲದ ಮಳೆ ಬೇಗ ಬಂದರೆ ಮೊದಲೇ ಕೊಯ್ದಿಟ್ಟ ಮೆರ್ಲೊ ಕೈಹಿಡಿಯುತ್ತದೆ. ವಸಂತದ ಹಿಮ ಬೇಗ ಚಿಗುರಿದ ಮೆರ್ಲೊವನ್ನು ಸುಟ್ಟರೆ ತಡವಾಗಿ ಚಿಗುರುವ ಕ್ಯಾಬರ್ನೆ ಉಳಿದುಕೊಳ್ಳುತ್ತದೆ. ರಾಗಿಯ ಹೊಲದಲ್ಲಿ ಅವರೆ ತೊಗರಿಗಳ ಅಕ್ಕಡಿಸಾಲು ಹಾಕುವ ನಮ್ಮ ರೈತನ ಜಾಣ್ಮೆಯೇ ಇದು.

ಇವರಿಬ್ಬರನ್ನು ಅಣ್ಣತಮ್ಮಂದಿರೆಂದದ್ದು ಅಲಂಕಾರಕ್ಕಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಕೆರೋಲ್ ಮೆರೆಡಿತ್ ಮತ್ತು ಜಾನ್ ಬವರ್ಸ್ ಎಂಬ ವಿಜ್ಞಾನಿಗಳು ಬಳ್ಳಿಗಳ ಡಿ.ಎನ್.ಎ.ಯನ್ನು ಹೋಲಿಸಿ ನೋಡಿ, ಕ್ಯಾಬರ್ನೆ ಸೋವಿನ್ಯೋನ್‌ನ ತಂದೆತಾಯಿಗಳನ್ನು 1997ರಲ್ಲಿ ಪ್ರಕಟಿಸಿದರು. ಒಂದು, ಕ್ಯಾಬರ್ನೆ ಫ್ರಾಂ ಎಂಬ ಕಪ್ಪು ದ್ರಾಕ್ಷಿ. ಇನ್ನೊಂದು, ಸೋವಿನ್ಯೋನ್ ಬ್ಲಾಂ ಎಂಬ ಬಿಳಿಯ ದ್ರಾಕ್ಷಿ! ಹೆಸರಿನಲ್ಲಿಯೇ ಇಬ್ಬರೂ ಇದ್ದರೂ ಅದುವರೆಗೆ ಅದನ್ನು ಖಚಿತಪಡಿಸಿದವರಿರಲಿಲ್ಲ. ಕೆಲವು ನೂರು ವರ್ಷಗಳ ಹಿಂದೆ ಯಾವುದೋ ತೋಟದ ಬೇಲಿಯಲ್ಲಿ ಒಂದರ ಪರಾಗ ಇನ್ನೊಂದರ ಹೂವಿಗೆ ತಾಗಿ, ಆ ಬೀಜದಿಂದ ಮೊಳೆತ ಒಂದೇ ಒಂದು ಸಸಿ ಇಂದು ಲಕ್ಷಾಂತರ ಹೆಕ್ಟೇರ್‌ಗಳಿಗೆ ಮೂಲಪುರುಷನಾಗಿದೆ.

ಮೆರ್ಲೊವಿನ ತಂದೆಯೂ ಕ್ಯಾಬರ್ನೆ ಫ್ರಾಂ. ತಾಯಿ ಯಾರೆಂಬುದು ಮಾತ್ರ ಬಹುಕಾಲ ತಿಳಿದಿರಲಿಲ್ಲ. 1996ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ, ಬಹಳ ಹಿಂದೆಯೇ ಪಾಳುಬಿದ್ದಿದ್ದ ಒಂದು ದಿಣ್ಣೆಯ ಮೇಲೆ ಹೆಸರಿಲ್ಲದ ಬಳ್ಳಿಯೊಂದು ಸಿಕ್ಕಿತು. ಅದೇ ಬಳ್ಳಿ ಶಾರಾಂತ್ ಪ್ರಾಂತದ ಕೆಲವು ಹಳ್ಳಿಮನೆಗಳ ಮುಂದೆಯೂ ಹಬ್ಬಿಕೊಂಡಿತ್ತು. ಜುಲೈ 22ರ ಸಂತ ಮಗ್ದಲೇನಳ ಹಬ್ಬದ ವೇಳೆಗೆ ಮಾಗುವುದರಿಂದ ಊರಿನವರು ಅದಕ್ಕೆ ಮಗ್ದಲೇನ್ ಎಂದು ಕರೆಯುತ್ತಿದ್ದರು. ಅದೇ ಮೆರ್ಲೊವಿನ ತಾಯಿಯೆಂದು 2009ರಲ್ಲಿ ಸಿದ್ಧವಾಯಿತು. ಮಗ ಜಗತ್ತನ್ನೆಲ್ಲ ಗೆದ್ದು ಬರುವಷ್ಟರಲ್ಲಿ ತಾಯಿ ಹೆಸರೂ ಇಲ್ಲದೆ ಬೇಲಿಯ ಬದಿಯಲ್ಲಿ ನಿಂತಿದ್ದಳು.

ಚಿಲಿಯಲ್ಲಿ ಮಾರುವೇಷ

ಇದೇ ವಂಶದ ಮೂರನೆಯ ಕುಡಿ ಕಾರ್ಮೆನೇರ್. ಇದಕ್ಕೂ ಕ್ಯಾಬರ್ನೆ ಫ್ರಾಂ ಜನಕ. ಒಂದು ಕಾಲಕ್ಕೆ ಬೋರ್ಡೋದಲ್ಲಿ ಗೌರವದಿಂದ ಬಾಳಿದ ಈ ದ್ರಾಕ್ಷಿ ವಸಂತದ ಚಳಿಗೆ ಹೂವುದುರಿಸಿ ಫಸಲು ಕೊಡದೆ ಸತಾಯಿಸುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೋಟಗಳೆಲ್ಲ ರೋಗಕ್ಕೆ ತುತ್ತಾಗಿ ಹೊಸದಾಗಿ ನೆಡಬೇಕಾಗಿ ಬಂದಾಗ ರೈತರು ಇದನ್ನು ಕೈಬಿಟ್ಟರು. ಕಾರ್ಮೆನೇರ್ ನಿರ್ವಂಶವಾಯಿತೆಂದೇ ಬಹುಮಂದಿ ನಂಬಿದರು.

ಆದರೆ ಅದಕ್ಕೆ ಮುನ್ನ, 1850ರ ಸುಮಾರಿಗೆ, ಚಿಲಿಯ ಶ್ರೀಮಂತರು ಬೋರ್ಡೋದಿಂದ ಬಳ್ಳಿಯ ಕಡ್ಡಿಗಳನ್ನು ತರಿಸಿ ನೆಟ್ಟಿದ್ದರು. ಅವುಗಳಲ್ಲಿ ಮೆರ್ಲೊ, ಕಾರ್ಮೆನೇರ್ ಎರಡೂ ಬೆರೆತಿದ್ದವು. ನೋಡಲು ಒಂದನ್ನೊಂದು ಹೋಲುವುದರಿಂದ ಎಲ್ಲವನ್ನೂ ಮೆರ್ಲೊ ಎಂದೇ ಕರೆದರು. ಬೇಗ ಮಾಗುವ ಮೆರ್ಲೊವಿನ ಜೊತೆಗೆ, ಕೆಲವು ವಾರ ತಡವಾಗಿ ಮಾಗುವ ಕಾರ್ಮೆನೇರನ್ನೂ ಒಟ್ಟಿಗೇ ಕೊಯ್ಯುತ್ತಿದ್ದರು. ವೈನಿನಲ್ಲಿ ಹಸಿ ವಾಸನೆ ಬರುತ್ತಿತ್ತು. ಚಿಲಿಯ ಮೆರ್ಲೊವಿನ ಗುಣವೇ ಹಾಗೆಂದು ಜನ ಸಮಾಧಾನ ಮಾಡಿಕೊಂಡರು.

1994ರ ನವೆಂಬರ್ 24ರಂದು ಫ್ರಾನ್ಸಿನ ತಳಿಶಾಸ್ತ್ರಜ್ಞ ಜಾನ್ ಮಿಶೆಲ್ ಬೂರ್ಸಿಕೊ ಮೈಪೊ ಕಣಿವೆಯ ತೋಟವೊಂದರಲ್ಲಿ ನಡೆಯುತ್ತಿದ್ದಾಗ, ಮೆರ್ಲೊವೆಂದು ತೋರಿಸಿದ ಬಳ್ಳಿಗಳ ಮುಂದೆ ನಿಂತು, ಇವು ಮೆರ್ಲೊವಲ್ಲ, ಕಾರ್ಮೆನೇರ್ ಎಂದು ಗುರುತಿಸಿದರು. ಸುಮಾರು ಒಂದೂವರೆ ಶತಮಾನದ ಅಜ್ಞಾತವಾಸ ಅಂದಿಗೆ ಮುಗಿಯಿತು. ಹೆಸರು ಸರಿಹೋದೊಡನೆ ಕೊಯ್ಲಿನ ಕಾಲವೂ ಸರಿಹೋಯಿತು. ಬಳ್ಳಿ ಬದಲಾಗಲಿಲ್ಲ, ನೆಲ ಬದಲಾಗಲಿಲ್ಲ. ಹೆಸರೊಂದು ತಿಳಿದದ್ದರಿಂದಲೇ ಕಹಿಯೆನಿಸಿಕೊಂಡದ್ದು ಸವಿಯಾಯಿತು. ಇಂದು ಕಾರ್ಮೆನೇರ್ ಚಿಲಿಯ ಹೆಮ್ಮೆಯ ಬೆಳೆ.

ಮಾಲ್ಬೆಕ್‌ನ ಕಥೆಯೂ ಇದಕ್ಕೆ ಹತ್ತಿರವಾದದ್ದೇ. ಮೆರ್ಲೊವಿನ ತಾಯಿಯೇ ಇದಕ್ಕೂ ತಾಯಿ. ಕಡುಗಪ್ಪು ಬಣ್ಣಕ್ಕೆ ಹೆಸರಾದ ಈ ದ್ರಾಕ್ಷಿ ಫ್ರಾನ್ಸಿನಲ್ಲಿ 1956ರ ಫೆಬ್ರವರಿಯ ಕಡುಹಿಮಕ್ಕೆ ಸಿಕ್ಕಿ ಬಹಳಷ್ಟು ನಾಶವಾಯಿತು. ಅದಕ್ಕೆ ಒಂದು ಶತಮಾನ ಮೊದಲೇ, 1853ರಲ್ಲಿ, ಮಿಶೆಲ್ ಪುಜೆ ಎಂಬ ಫ್ರೆಂಚ್ ತಜ್ಞನ ಮೂಲಕ ಅರ್ಜೆಂಟೀನವನ್ನು ಸೇರಿದ್ದ ಶಾಖೆ ಆಂಡೀಸ್ ಪರ್ವತದ ಮಡಿಲಿನಲ್ಲಿ ಬೆಳೆದು ಬೆಳಗಿತು. ಜಗತ್ತಿನ ಮಾಲ್ಬೆಕ್‌ನಲ್ಲಿ ಬಹುಪಾಲು ಇಂದು ಅಲ್ಲಿಯದೇ.

ಸುಕುಮಾರಿ ಪಿನೊ

ಬರ್ಗಂಡಿಯ ಪಿನೊ ನ್ವಾರ್ ಬೇರೆಯೇ ಸ್ವಭಾವದ್ದು. ಗೊಂಚಲು ಪೈನ್ ಮರದ ಕಾಯಿಯಂತೆ ಒತ್ತೊತ್ತಾಗಿರುವುದರಿಂದ ಈ ಹೆಸರು. ಸಿಪ್ಪೆ ತೆಳು, ಬಣ್ಣ ತಿಳಿಯಾದ ಮಾಣಿಕ್ಯದಂತೆ, ಒಗರು ಹಗುರ. ಬಿಸಿಲು ಹೆಚ್ಚಾದರೆ ಬಾಡುತ್ತದೆ, ಮಳೆ ಹೆಚ್ಚಾದರೆ ಒತ್ತಾದ ಗೊಂಚಲಿನೊಳಗೆ ಕೊಳೆಯುತ್ತದೆ. ಬೆಳೆಯುವವನ ತಾಳ್ಮೆಯನ್ನು ಇಷ್ಟು ಪರೀಕ್ಷಿಸುವ ದ್ರಾಕ್ಷಿ ಇನ್ನೊಂದಿಲ್ಲ. ಆದರೆ ಒಲಿದಾಗ ಇದರ ಪರಿಮಳಕ್ಕೆ ಸಮನಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಇದಕ್ಕಾಗಿ ರಾಜಾಜ್ಞೆಯೂ ಹೊರಟಿತ್ತು. 1395ರಲ್ಲಿ ಬರ್ಗಂಡಿಯ ಪ್ರಭು ಫಿಲಿಪ್, ಗಾಮೆ ಎಂಬ ಇನ್ನೊಂದು ದ್ರಾಕ್ಷಿಯನ್ನು ತನ್ನ ಸೀಮೆಯಿಂದ ಕಿತ್ತೊಗೆಯಬೇಕೆಂದು ಆಜ್ಞೆ ಮಾಡಿದ. ಗಾಮೆ ಹೇರಳವಾಗಿ ಫಸಲು ಕೊಡುತ್ತಿತ್ತು. ಬಡ ರೈತರಿಗೆ ಅದೇ ಆಧಾರ. ಪ್ರಭುವಿಗೆ ಮಾತ್ರ ಅದು ದ್ರೋಹಿ ಗಿಡವಾಗಿ ಕಂಡಿತು. ಆರುನೂರು ವರ್ಷಗಳ ಬಳಿಕ, 1999ರಲ್ಲಿ, ವಿಜ್ಞಾನಿಗಳು ಗಾಮೆಯ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ಅದು ಪಿನೊವಿನ ಸ್ವಂತ ಮಗುವೇ! ಇನ್ನೊಬ್ಬ ಜನಕ ಗ್ವೇ ಬ್ಲಾಂ ಎಂಬ, ಕೀಳೆಂದು ತಿರಸ್ಕೃತವಾದ ಹಳ್ಳಿಯ ಬಿಳಿ ದ್ರಾಕ್ಷಿ. ಲೋಕಪ್ರಸಿದ್ಧವಾದ ಬಿಳಿಯ ಶಾರ್ಡೊನೆ ಸೇರಿದಂತೆ ಹದಿನಾರು ತಳಿಗಳು ಈ ಒಂದೇ ದಾಂಪತ್ಯದ ಸಂತಾನವೆಂದು ಆ ಅಧ್ಯಯನ ತೋರಿಸಿತು. ಕುಲೀನತೆಯ ಗರ್ವಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

2007ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ವಿಜ್ಞಾನಿಗಳು ಪಿನೊ ವಂಶದ ಬಳ್ಳಿಯ ವಂಶವಾಹಿಗಳ ಸಂಪೂರ್ಣ ಲಿಪಿಯನ್ನು ಓದಿ ಮುಗಿಸಿದರು. ಹಣ್ಣಿನ ಬೆಳೆಗಳಲ್ಲಿ ಈ ಗೌರವಕ್ಕೆ ಮೊದಲು ಪಾತ್ರವಾದದ್ದು ದ್ರಾಕ್ಷಿಯೇ.

ಕರಿಮೆಣಸಿನ ಕಂಪು

ಫ್ರಾನ್ಸಿನ ರೋನ್ ನದಿಯ ಕಣಿವೆಯ ಕಡುಗಪ್ಪು ದ್ರಾಕ್ಷಿಗೆ ಸಿರಾ ಎಂದು ಹೆಸರು. ಅದೇ ಆಸ್ಟ್ರೇಲಿಯದಲ್ಲಿ ಶಿರಾಜ್. ಪರ್ಷಿಯದ ಶಿರಾಜ್ ನಗರದಿಂದ ಯೋಧನೊಬ್ಬ ಈ ಬಳ್ಳಿಯನ್ನು ತಂದು ಎರ್ಮಿತಾಜ್ ಗುಡ್ಡದ ಮೇಲೆ ನೆಟ್ಟನೆಂಬ ಸೊಗಸಾದ ಐತಿಹ್ಯವಿತ್ತು. 1998ರ ಡಿ.ಎನ್.ಎ. ಪರೀಕ್ಷೆ ಆ ಕಥೆಗೆ ತೆರೆಯೆಳೆಯಿತು. ದುರೇಜಾ, ಮೊಂದ್ಯೂಸ್ ಬ್ಲಾಂಷ್ ಎಂಬ ಇದರ ಜನಕರಿಬ್ಬರೂ ಆಗ್ನೇಯ ಫ್ರಾನ್ಸಿನ ಅಪ್ಪಟ ನಿವಾಸಿಗಳು. ಸಿರಾ ಪರ್ಷಿಯವನ್ನು ಕಂಡದ್ದೇ ಇಲ್ಲ.

ಈ ದ್ರಾಕ್ಷಿಯ ವೈನಿನಲ್ಲಿ ಕರಿಮೆಣಸಿನ ಪರಿಮಳವಿದೆಯೆಂದು ಬಹಳ ಹಿಂದಿನಿಂದಲೂ ಹೇಳುತ್ತಿದ್ದರು. ಅದು ಬಾಯಿಮಾತಲ್ಲವೆಂದು 2008ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಮಲೆನಾಡಿನ ಕರಿಮೆಣಸಿಗೆ ಕಂಪನ್ನು ಕೊಡುವ ರೋಟಂಡೋನ್ ಎಂಬ ವಸ್ತುವೇ ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇದೆ. ಸ್ವಾರಸ್ಯವೆಂದರೆ ಐವರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲ. ಒಂದೇ ಪಾತ್ರೆಯ ಮುಂದೆ ಕುಳಿತ ಇಬ್ಬರು ಮೆಣಸು ಇದೆ, ಇಲ್ಲ ಎಂದು ವಾದಿಸಿದರೆ ಇಬ್ಬರೂ ಸತ್ಯವನ್ನೇ ನುಡಿಯುತ್ತಿರಬಹುದು.

ಇನ್ನುಳಿದವರನ್ನು ಸಂಕ್ಷೇಪವಾಗಿ ಪರಿಚಯಿಸಬಹುದು. ಸ್ಪೇನಿನ ತೆಂಪ್ರನೀಯೊ ಬೇಗ ಮಾಗುವುದರಿಂದ ಆ ಹೆಸರನ್ನು ಪಡೆಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ತೆಂಪ್ರಾನೊ ಎಂದರೆ ಬೇಗ. ಗ್ರೆನಾಶ್ ಬಿಸಿಲಿಗೂ ಬರಕ್ಕೂ ಜಗ್ಗದ ಗಟ್ಟಿ ಜೀವ. ಸಕ್ಕರೆ ಹೇರಳ, ಬಣ್ಣ ಕಡಿಮೆ. ಇಟಲಿಯ ಟಸ್ಕನಿಯಲ್ಲಿ ಸಾಂಜೊವೇಸೆ ಹುಳಿಗೆ ಪ್ರಸಿದ್ಧ. ಉತ್ತರದ ಪಿಯೆಮೊಂತೆಯ ನೆಬ್ಬಿಯೋಲೊ ಮಂಜು ಕವಿಯುವ ಅಕ್ಟೋಬರ್‌ವರೆಗೂ ಬಳ್ಳಿಯಲ್ಲಿರುತ್ತದೆ. ಇಟಲಿಯ ಮಾತಿನಲ್ಲಿ ನೆಬ್ಬಿಯಾ ಎಂದರೆ ಮಂಜು. ನೋಡಲು ತಿಳಿಗೆಂಪಾದ ಇದರ ವೈನ್ ಒಗರಿನಲ್ಲಿ ಮಾತ್ರ ಯಾರಿಗೂ ಸೋಲದು. ಬಣ್ಣ ನೋಡಿ ಗುಣ ಅಳೆಯಬಾರದೆಂಬುದಕ್ಕೆ ಇದೊಂದು ನಿದರ್ಶನ.

ಕ್ಯಾಲಿಫೋರ್ನಿಯದವರು ತಮ್ಮದೇ ಎಂದು ಹೆಮ್ಮೆಪಡುತ್ತಿದ್ದ ಜಿನ್‌ಫಂಡೆಲ್ ಎಲ್ಲಿಂದ ಬಂದಿತೆಂಬುದು ಬಹುಕಾಲ ಒಗಟಾಗಿತ್ತು. ಇಟಲಿಯ ಪ್ರಿಮಿತೀವೊ ಅದನ್ನೇ ಹೋಲುತ್ತದೆಂದು 1967ರಲ್ಲಿ ತಜ್ಞರೊಬ್ಬರು ಗಮನಿಸಿದರು. ಮೂಲ ಮಾತ್ರ ಅಲ್ಲಿಯೂ ಇರಲಿಲ್ಲ. ಕೊನೆಗೆ 2001ರಲ್ಲಿ, ಮೆರೆಡಿತ್ ಮತ್ತು ಕ್ರೊಯೇಷಿಯದ ವಿಜ್ಞಾನಿಗಳು ಆಡ್ರಿಯಾಟಿಕ್ ಕರಾವಳಿಯ ಕಾಸ್ತೆಲಾ ಪ್ರದೇಶದ ಹಳೆಯ ತೋಟವೊಂದರಲ್ಲಿ ಅದೇ ತಳಿಯ ಕೆಲವೇ ಬಳ್ಳಿಗಳನ್ನು ಪತ್ತೆಹಚ್ಚಿದರು. ಇನ್ನು ಸ್ವಲ್ಪ ಕಾಲ ಕಳೆದಿದ್ದರೆ ಅವೂ ಸೌದೆಯಾಗುತ್ತಿದ್ದವೋ ಏನೋ.

ಬೇರಿಗೆ ಬಂದ ಮಾರಿ

ತೋಟಗಾರರು ದ್ರಾಕ್ಷಿಯನ್ನು ಬೀಜದಿಂದ ಬೆಳೆಸುವುದಿಲ್ಲ. ಮಾವಿನ ಗೊರಟೆಯನ್ನು ನೆಟ್ಟರೆ ತಾಯಿಮರದ ಹಣ್ಣೇ ಬರುವುದೆಂಬ ಭರವಸೆಯಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. ಆದ್ದರಿಂದ ದಾಸವಾಳದಂತೆ ಕಡ್ಡಿಯನ್ನು ಕತ್ತರಿಸಿ ನೆಡುತ್ತಾರೆ. ಜಗತ್ತಿನ ಪಿನೊ ಬಳ್ಳಿಗಳೆಲ್ಲವೂ ಹೀಗೆ ಒಂದೇ ಮೂಲಬಳ್ಳಿಯ ತುಂಡುಗಳು. ಗುಣ ಉಳಿಸುವ ಈ ಉಪಾಯದಲ್ಲಿಯೇ ಅಪಾಯವೂ ಇದೆ. ಒಂದನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಲ್ಲಬಲ್ಲದು.

1863ರಲ್ಲಿ ದಕ್ಷಿಣ ಫ್ರಾನ್ಸಿನ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. ಸತ್ತ ಬಳ್ಳಿಯನ್ನು ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಕಾಣುತ್ತಿರಲಿಲ್ಲ. 1868ರಲ್ಲಿ ಸಸ್ಯಶಾಸ್ತ್ರಜ್ಞ ಪ್ಲಾಂಶೋ ಮತ್ತು ಸಂಗಡಿಗರು ಸತ್ತದ್ದನ್ನು ಬಿಟ್ಟು ಇನ್ನೂ ಜೀವವಿದ್ದ ಬಳ್ಳಿಯ ಬೇರನ್ನು ಅಗೆದು ನೋಡಿದರು. ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು ಸಣ್ಣ ಹಳದಿ ಹೇನುಗಳು ಬೇರಿನ ರಸ ಹೀರುತ್ತಿದ್ದವು. ಫಿಲಾಕ್ಸೆರಾ ಎಂಬ ಈ ಕೀಟ ಅಮೆರಿಕದಿಂದ ತರಿಸಿದ ಬಳ್ಳಿಗಳೊಡನೆ ಬಂದಿತ್ತು. 1875ರಲ್ಲಿ ಫ್ರಾನ್ಸಿನ ವೈನ್ ಉತ್ಪತ್ತಿ ಸುಮಾರು 8 ಕೋಟಿ 45 ಲಕ್ಷ ಹೆಕ್ಟೋಲೀಟರ್. 1889ರ ವೇಳೆಗೆ ಅದು ಸುಮಾರು 2 ಕೋಟಿ 34 ಲಕ್ಷಕ್ಕೆ ಇಳಿಯಿತು. ಸರಕಾರ ಪರಿಹಾರಕ್ಕಾಗಿ 3 ಲಕ್ಷ ಫ್ರಾಂಕ್ ಬಹುಮಾನ ಸಾರಿತು. ಹಳ್ಳಿಗಳು ಬರಿದಾದವು, ಸಂಸಾರಗಳು ಗುಳೆ ಹೊರಟವು.

ರೋಗ ಬಂದ ದೇಶದಿಂದಲೇ ಔಷಧಿಯೂ ಬಂದಿತು. ಅಮೆರಿಕದ ಕಾಡುಬಳ್ಳಿಗಳ ಬೇರು ಆ ಕೀಟವನ್ನು ಅನಾದಿಯಿಂದ ಸಹಿಸಿ ಬಲ್ಲದು. ಆ ಬೇರಿನ ಮೇಲೆ ಫ್ರಾನ್ಸಿನ ಕಡ್ಡಿಯನ್ನು ಕಸಿ ಕಟ್ಟಿದರೆ ಬೇರು ಬದುಕಿತು, ಹಣ್ಣಿನ ಗುಣವೂ ಉಳಿಯಿತು. ಇಂದು ಯೂರೋಪಿನ ಬಹುತೇಕ ದ್ರಾಕ್ಷಿಬಳ್ಳಿಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆಯೇ. ಬರ್ಗಂಡಿಯ ರೊಮಾನೆ ಕೊಂತಿ ಎಂಬ, ಎರಡು ಹೆಕ್ಟೇರ್‌ಗೂ ಕಡಿಮೆಯಿರುವ ಜಗತ್ಪ್ರಸಿದ್ಧ ತೋಟ ಮಾತ್ರ ಕಸಿಗೆ ಒಪ್ಪದೆ ಔಷಧಿ ಹಾಕುತ್ತ ಹಠ ಹಿಡಿದು ನಿಂತಿತ್ತು. 1945ರಲ್ಲಿ ಅದೂ ಸೋತು ಹಳೆಯ ಬಳ್ಳಿಗಳನ್ನು ಕೀಳಿಸಬೇಕಾಯಿತು.

ನಂದಿಬೆಟ್ಟದ ತಪ್ಪಲಿನಲ್ಲಿ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಬೋರ್ಡೋ ಇರುವುದು ಭೂಮಧ್ಯರೇಖೆಯಿಂದ ಸುಮಾರು 45 ಡಿಗ್ರಿ ಉತ್ತರಕ್ಕೆ. ನಂದಿಬೆಟ್ಟ 13 ಡಿಗ್ರಿಯಲ್ಲಿದೆ. ಆದರೂ 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆ ದೊಡ್ಡಬಳ್ಳಾಪುರದ ಬಳಿ, ಬೆಟ್ಟದ ತಪ್ಪಲಿನಲ್ಲಿ, ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್‌ಗಳನ್ನು ಬೆಳೆಸಿ ತೋರಿಸಿತು. ಪ್ರಸ್ಥಭೂಮಿಯ ಎತ್ತರದಿಂದ ಬರುವ ರಾತ್ರಿಯ ತಂಪು ಇದಕ್ಕೆ ನೆರವಾಯಿತು. ಕರ್ನಾಟಕ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೊಂದನ್ನು ಪ್ರಕಟಿಸಿತು. ಹಂಪೆಯ ಸುತ್ತಲಿನ ಗುಡ್ಡಗಳ ನಡುವೆಯೂ ಈಗ ಕ್ಯಾಬರ್ನೆ ಬೆಳೆಯುತ್ತಿದೆ.

ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡಬೇಕಾಗುತ್ತದೆ: ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ಎರಡನೆಯ ಚಾಟನಿಯ ಚಿಗುರಿಗೆ ಮಾತ್ರ ಫಸಲು. ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಸುಗ್ಗಿಯಾದರೆ ನಮ್ಮಲ್ಲಿ ಸುಗ್ಗಿ ಶಿವರಾತ್ರಿಯ ಆಸುಪಾಸಿನಲ್ಲಿ.

ಬಿಸಿಲಿನಲ್ಲಿ ಬಳ್ಳಿ ಬೆಳೆಸುವ ಈ ವಿದ್ಯೆ ನಾಳೆ ಯೂರೋಪಿಗೂ ಬೇಕಾಗಬಹುದು. ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1354ರಿಂದ 2018ರವರೆಗಿನ ಸುಗ್ಗಿಯ ದಿನಾಂಕಗಳನ್ನು ವಿದ್ವಾಂಸರು ಕಲೆಹಾಕಿದ್ದಾರೆ. 1988ರಿಂದೀಚೆಗೆ ಸುಗ್ಗಿ ಹಿಂದಿನ ಸರಾಸರಿಗಿಂತ 13 ದಿನ ಮೊದಲೇ ಬರುತ್ತಿದೆ. ಹಣ್ಣು ಬೇಗ ಮಾಗಿದರೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಪರಿಮಳ ಕೂಡುವಷ್ಟು ಕಾಲ ಸಿಗುವುದಿಲ್ಲ. ಬೇಗ ಮಾಗುವುದೇ ಮೆರ್ಲೊವಿನ ಗುಣವೆನಿಸಿದ್ದ ಬೋರ್ಡೋದಲ್ಲಿ ಅದೇ ಈಗ ಅವಗುಣವಾಗತೊಡಗಿದೆ. ಆದ್ದರಿಂದಲೇ ಮಾರ್ಸೆಲಾನ್, ಪೋರ್ಚುಗಲ್ಲಿನ ತೂರಿಗ ನಾಸಿಯೊನಾಲ್ ಮೊದಲಾದ ಹೊಸ ತಳಿಗಳನ್ನು ಮಿತಿಯಲ್ಲಿ ನೆಡಲು 2021ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಜಗತ್ತು 2 ಡಿಗ್ರಿಯಷ್ಟು ಬಿಸಿಯಾದರೆ ವೈನ್ ದ್ರಾಕ್ಷಿಗೆ ಯೋಗ್ಯವಾದ ನೆಲದಲ್ಲಿ ಶೇಕಡಾ 56ರಷ್ಟು ನಷ್ಟವಾಗಬಹುದೆಂದೂ, ಊರೂರಿಗೆ ತಕ್ಕ ಬೇರೆ ತಳಿಗಳನ್ನು ಆರಿಸಿ ನೆಟ್ಟರೆ ಆ ನಷ್ಟವನ್ನು ಶೇಕಡಾ 24ಕ್ಕೆ ಇಳಿಸಬಹುದೆಂದೂ 2020ರ ಒಂದು ಅಧ್ಯಯನ ಲೆಕ್ಕಹಾಕಿದೆ. ಬೇಲಿಯ ಬದಿಯಲ್ಲಿ ಮರೆತುಹೋದ ಮಗ್ದಲೇನ್‌ನಂಥ ಬಳ್ಳಿಗಳ ಬೆಲೆ ಈಗ ತಿಳಿಯುತ್ತಿದೆ. ಇಂದು ಕಡ್ಡಿ ನೆಡುವ ರೈತ ಮೂವತ್ತು ವರ್ಷದಾಚೆಯ ಬಿಸಿಲನ್ನು ಊಹಿಸಿ ನೆಡಬೇಕಾಗಿದೆ.

ನಮ್ಮ ತಳ್ಳುಗಾಡಿಯ ಆ ಕಪ್ಪು ದ್ರಾಕ್ಷಿಗೂ ಒಂದು ಹೆಸರುಂಟು. ಅದು ಬೆಂಗಳೂರು ನೀಲಿ. ಅಮೆರಿಕದ ಲಬ್ರುಸ್ಕ ಬಳ್ಳಿಯ ರಕ್ತ ಬೆರೆತ ಇಸಬೆಲ್ಲಾ ತಳಿಯ ಬಳಗಕ್ಕೆ ಇದು ಸೇರಿದ್ದು. ಸಿಪ್ಪೆಯಿಂದ ತಿರುಳು ಸುಲಭವಾಗಿ ಜಾರುವುದೂ, ದೂರಕ್ಕೇ ಮೂಗಿಗೆ ಬಡಿಯುವ ಘಮಲೂ ಆ ನೆಂಟಸ್ತಿಕೆಯ ಗುರುತು. ಇಸಬೆಲ್ಲಾ ಬೆಳೆಯನ್ನು ವೈನಿಗೆ ಸಲ್ಲದೆಂದು ಫ್ರಾನ್ಸ್ 1934ರಲ್ಲಿ ನಿಷೇಧಿಸಿತು. ನಮ್ಮ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ರೈತ ಮಾತ್ರ ಅದರ ಬಳಗದ ಈ ಬಳ್ಳಿಯನ್ನು ಚಪ್ಪರ ಹಾಕಿ ಸಾಕಿದ. ಇಂದು ಬೆಂಗಳೂರು ನೀಲಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ.

ಮುಂದಿನ ಬಾರಿ ಗಾಡಿಯ ಮುಂದೆ ನಿಂತಾಗ ಮೂರನೆಯ ಪ್ರಶ್ನೆಯನ್ನೂ ಕೇಳಿ ನೋಡೋಣ: "ಇದು ಯಾವ ದ್ರಾಕ್ಷಿಯಪ್ಪ?" ಗಾಡಿಯವನಿಗೆ ಉತ್ತರ ತಿಳಿಯದಿರಬಹುದು. ಜೊತೆಗೆ ಬಂದ ಮಗುವಾದರೂ ಮನೆಗೆ ಮರಳುವ ದಾರಿಯಲ್ಲಿ ಅದನ್ನು ನಮ್ಮನ್ನೇ ಕೇಳೀತು. ಆಗ ಹೇಳುವುದಕ್ಕೆ ಕಥೆಯೊಂದಿದೆ.